ಹೊಸ ಕಾರಿನ ಬ್ರೇಕ್ ನಡುಗಿದರೆ ಡೀಲರ್ ಮುಂದೆ ಏನು ಕೇಳಬೇಕು?

ಪ್ರಶ್ನೆ: ಹೊಸ ಕಾರು ತೆಗೆದುಕೊಂಡು ನಾಲ್ಕು ತಿಂಗಳಾಯಿತು. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಹೋದ ತಿಂಗಳು ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಹತ್ತಿರ ಬರುವಾಗ ಪೆಡಲ್ ಎಂದಿಗಿಂತ ಒಳಗೆ ಹೋಯಿತು. ಎರಡು ಸಲ ಸರ್ವಿಸ್ ಸೆಂಟರಿಗೆ ಬಿಟ್ಟೆವು. ‘ಹೊಸ ಗಾಡಿ, ಓಡ್ತಾ ಓಡ್ತಾ ಸೆಟ್ ಆಗುತ್ತೆ’ ಎಂದು ತೊಳೆದು ವಾಪಸ್ ಕೊಟ್ಟರು. ಬ್ರೇಕ್‌ಗೆ ವಾರಂಟಿ ಬರುವುದಿಲ್ಲ ಎಂದೂ ಹೇಳುತ್ತಾರೆ. ಕಾರನ್ನೇ ಬದಲಿಸಿಕೊಡಿ ಎಂದು ಕೇಳಬಹುದೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಸರ್ವಿಸ್ ಸೆಂಟರಿನವರು ಎರಡನ್ನೂ ಸೇರಿಸಿ ‘ಬ್ರೇಕ್ ಪ್ರಾಬ್ಲಂ’ ಎಂದು ಬರೆದುಕೊಂಡಿರುತ್ತಾರೆ. ಅವನ್ನು ಬೇರೆ ಮಾಡಲೇಬೇಕು. ಸ್ಟೀರಿಂಗ್ ನಡುಗುವುದನ್ನು ನಾಲ್ಕು ದಿನ ತಡೆದುಕೊಳ್ಳಬಹುದು. ಪೆಡಲ್ ಒಳಗೆ ಹೋಗುವುದನ್ನು ತಡೆದುಕೊಳ್ಳುವ ಹಾಗಿಲ್ಲ. ಇದು ಇತ್ಯರ್ಥವಾಗುವ ತನಕ ದಯವಿಟ್ಟು ಆ ಕಾರಿನಲ್ಲಿ ಘಾಟಿ ಇಳಿಯಬೇಡಿ. ಹೊಸ ಕಾರುಗಳಿಗೆ ಸಾಮಾನ್ಯವಾಗಿ ರೋಡ್ ಸೈಡ್ ಅಸಿಸ್ಟೆನ್ಸ್ ಇರುತ್ತದೆ. ಪೆಡಲ್ ಮತ್ತೆ ಮೆತ್ತಗಾದರೆ ಅದಕ್ಕೆ ಫೋನ್ ಮಾಡಿ, ಟೋ ಮಾಡಿಸಿಯೇ ಕಳಿಸಿ. ಟೋ ಮಾಡಿದ ದಿನ, ಹೊತ್ತು, ಕಾರಣ ಕಂಪನಿಯ ದಾಖಲೆಗೂ ಸೇರುತ್ತದೆ.

ಪೆಡಲ್ ಒಳಗೆ ಹೋಗಲು ಮುಖ್ಯವಾಗಿ ಮೂರು ಕಾರಣ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡಿಸ್ಕ್ ಕಾದು, ಆ ಬಿಸಿ ಬ್ರೇಕ್ ಆಯಿಲ್‌ಗೆ ತಲುಪಿ, ಅದು ಕುದಿದು ಒಳಗೆ ಆವಿ ಕಟ್ಟುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒಳಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಾಲ್ಕು ತಿಂಗಳ ಕಾರಿನ ಆಯಿಲ್ ಅಷ್ಟು ಕೆಟ್ಟಿರಬಾರದು. ಎರಡನೆಯ ಕಾರಣ, ಪೈಪಿನಲ್ಲಿ ಗಾಳಿ ಉಳಿದಿರುವುದು. ಮೂರನೆಯದು ಮಾಸ್ಟರ್ ಸಿಲಿಂಡರಿನ ಸೀಲ್ ಸೋತಿರುವುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಸಿಲಿಂಡರಿನ ಮೇಲೆ ಅಥವಾ ಎಲ್ಲಾದರೂ ಸೋರಿಕೆ ಇರುವುದರ ಮೇಲೆ ಅನುಮಾನ. ಮೊದಲು ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಗಾಳಿಯ ಮೇಲೆ. ಬಾನೆಟ್ ತೆಗೆದು ಆಯಿಲ್ ಡಬ್ಬಿಯ ಮಟ್ಟದ ಫೋಟೊ ಕೂಡ ತೆಗೆದಿಡಿ. ಇಳಿಯುವಾಗ ಯಾವ ಗೇರಿನಲ್ಲಿದ್ದಿರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಎರಡನೆಯ ಗೇರಿನಲ್ಲಿ ಇಳಿದೂ ಹೀಗಾಗಿದ್ದರೆ ನಿಮ್ಮ ದೂರಿಗೆ ಬಲ ಬರುತ್ತದೆ.

ಇನ್ನು ಸ್ಟೀರಿಂಗ್ ನಡುಕ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವುದು ವಾಡಿಕೆ. ಬಹಳ ಸಲ ಡಿಸ್ಕ್ ಬಾಗಿರುವುದಿಲ್ಲ. ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವೂ ಎಂಬತ್ತರ ವೇಗದಲ್ಲಿ ಕೈಗೆ ಗೊತ್ತಾಗುತ್ತದೆ. ಹೊಸ ಕಾರಿಗೆ ಇದು ಬರುವ ದಾರಿಗಳು ಕೆಲವೇ. ಮಾರಾಟವಾಗದೆ ತಿಂಗಳುಗಟ್ಟಲೆ ಯಾರ್ಡಿನಲ್ಲಿ ಮಳೆಗೆ ನಿಂತ ಗಾಡಿಯಲ್ಲಿ ಪ್ಯಾಡ್ ಕೂತ ಜಾಗ ಬಿಟ್ಟು ಉಳಿದೆಡೆ ತುಕ್ಕು ಹಿಡಿಯುತ್ತದೆ. ಚಾಸಿ ನಂಬರಿನಿಂದ ಗಾಡಿ ತಯಾರಾದ ತಿಂಗಳನ್ನು ಕೇಳಿ ತಿಳಿದುಕೊಳ್ಳಿ. ಚಕ್ರದ ನಟ್ಟುಗಳನ್ನು ಅಳತೆಯ ಸ್ಪ್ಯಾನರ್ ಬಿಟ್ಟು ಬರೀ ಗನ್ನಿನಲ್ಲಿ ಹೆಚ್ಚುಕಡಿಮೆ ಬಿಗಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ, ಓಡಿದಷ್ಟೂ ಒಂದೇ ಕಡೆ ಸವೆಯುತ್ತದೆ. ಕ್ಯಾಲಿಪರ್ ಪಿನ್ ಬಿಗಿಯಾದರೆ ಪ್ಯಾಡ್ ಬಿಡದೆ ಉಜ್ಜುತ್ತದೆ. ಇದರಲ್ಲಿ ಯಾವುದೂ ‘ಓಡ್ತಾ ಓಡ್ತಾ’ ಸರಿಹೋಗುವಂಥದ್ದಲ್ಲ.

ಹಾಗೆಂದು ಬ್ರೇಕಿನ ಪ್ರತಿ ಸದ್ದೂ ದೋಷವಲ್ಲ. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಬರುವ ಕರಕರ ಸದ್ದು ರಾತ್ರಿ ಹಿಡಿದ ತುಕ್ಕಿನದು. ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಪಾದಕ್ಕೆ ಟಕಟಕ ಬಡಿದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು. ಹೊಸ ಪ್ಯಾಡ್ ಹದಕ್ಕೆ ಬರಲು ಮೊದಲ ಕೆಲವು ನೂರು ಕಿಲೋಮೀಟರ್ ಬೇಕು ಎಂಬುದೂ ನಿಜ. ನಿಮ್ಮ ಗಾಡಿ ಆ ಹಂತ ಎಂದೋ ದಾಟಿದೆ.

ಸರ್ವಿಸ್ ಸೆಂಟರಿನಲ್ಲಿ ಎಲ್ಲ ನಿಂತಿರುವುದು ಜಾಬ್ ಕಾರ್ಡಿನ ಮೇಲೆ. ಎರಡು ಸಲ ಹೋಗಿದ್ದೀರಿ; ಆ ಎರಡು ಕಾರ್ಡುಗಳಲ್ಲಿ ಏನು ಬರೆದಿದೆ ಎಂದು ಈಗ ತೆಗೆದು ನೋಡಿ. ‘ಜನರಲ್ ಚೆಕಪ್, ವಾಶ್’ ಎಂದಷ್ಟೇ ಇದ್ದರೆ ಕಂಪನಿಯ ಕಣ್ಣಿನಲ್ಲಿ ನೀವು ಬ್ರೇಕಿನ ದೂರು ಕೊಟ್ಟೇ ಇಲ್ಲ. ಈ ಸಲ ಸರ್ವಿಸ್ ಅಡ್ವೈಸರ್ ಟ್ಯಾಬ್ ಹಿಡಿದು ನಿಮ್ಮೆದುರು ನಿಂತಾಗ ಬಾಯಿಮಾತಿನಲ್ಲಿ ಮುಗಿಸಬೇಡಿ. ‘80 ಕಿ.ಮೀ. ವೇಗದಲ್ಲಿ ಸಾಧಾರಣ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ಘಾಟಿ ಇಳಿದ ಮೇಲೆ ಪೆಡಲ್ ಒಳಗೆ ಹೋಗಿದೆ. ಇದು ಸುರಕ್ಷತೆಯ ದೂರು’ ಎಂಬ ಮಾತುಗಳು ನಿಮ್ಮ ಪದಗಳಲ್ಲೇ ಕಾರ್ಡಿನಲ್ಲಿ ಬರಲಿ. ಹಿಂದಿನ ಎರಡು ಭೇಟಿಗಳ ತಾರೀಖೂ ಇರಲಿ. ಓದಿ ನೋಡಿದ ಮೇಲೆ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ.

ಆಮೇಲೆ ಕಾರನ್ನು ಅಲ್ಲೇ ಬಿಟ್ಟು ಬರಬೇಡಿ. ಪೆಡಲ್ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅಡ್ವೈಸರ್ ಅಲ್ಲ, ಫ್ಲೋರಿನ ಟೆಕ್ನಿಷಿಯನ್ ಸ್ಟೀರಿಂಗ್ ಹಿಡಿಯಲಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಒಮ್ಮೆ ತಣ್ಣಗಿದ್ದಾಗ, ಒಮ್ಮೆ ಬ್ರೇಕ್ ಬಿಸಿಯಾದ ಮೇಲೆ, ಅದೇ ವೇಗದಲ್ಲಿ ನೋಡಲಿ. ಆತನ ಕೈಗೂ ನಡುಕ ತಟ್ಟಿದ ಮೇಲೆ ‘ನಮಗೆ ಏನೂ ಕಾಣಲಿಲ್ಲ’ ಎಂದು ಹೇಳುವುದು ಕಷ್ಟ. ಸಾಧ್ಯವಾದರೆ ಅದೇ ಮಾಡೆಲ್‌ನ ಡೆಮೊ ಕಾರನ್ನೂ ಅದೇ ರಸ್ತೆಯಲ್ಲಿ ಓಡಿಸಿ ಎನ್ನಿ. ‘ಈ ಗಾಡಿಯ ಗುಣವೇ ಹಾಗೆ’ ಎಂಬ ಸಬೂಬು ನಿಲ್ಲುತ್ತದೋ ಬೀಳುತ್ತದೋ ಅಲ್ಲೇ ಗೊತ್ತಾಗುತ್ತದೆ.

ವಾಪಸ್ ಬಂದ ಮೇಲೆ ಅಳತೆ ಕೇಳಿ. ಚಕ್ರ ಬಿಚ್ಚಿ, ಡಿಸ್ಕನ್ನು ನಟ್ಟು ಹಾಕಿ ಬಿಗಿದು, ಅಯಸ್ಕಾಂತದ ಬುಡವಿರುವ ಡಯಲ್ ಗೇಜಿನ ಮುಳ್ಳನ್ನು ಡಿಸ್ಕಿನ ಅಂಚಿನ ಹತ್ತಿರ ತಾಗಿಸಿ, ಕೈಯಲ್ಲಿ ನಿಧಾನ ತಿರುಗಿಸುತ್ತಾರೆ. ಮುಳ್ಳು ಎಷ್ಟು ಅತ್ತಿತ್ತ ಆಡಿತೋ ಅದು ರನ್‌ಔಟ್. ಹಲವು ಕಾರುಗಳಲ್ಲಿ ಇದರ ಮಿತಿ 0.05ರಿಂದ 0.10 ಮಿಲಿಮೀಟರ್; ನಿಮ್ಮ ಗಾಡಿಯ ಮಿತಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ದಪ್ಪವನ್ನು ಮೈಕ್ರೊಮೀಟರಿನಲ್ಲಿ ಏಳೆಂಟು ಕಡೆ ಅಳೆಯಬೇಕು. ಎರಡೂ ಅಂಕಿಗಳನ್ನು, ಮಿತಿಯ ಸಮೇತ, ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎನ್ನಿ. ನನಗೆ ತಿಳಿದಂತೆ ವಾದ ನಿಲ್ಲುವುದು ಈ ಜಾಗದಲ್ಲೇ: ಅಂಕಿ ಮಿತಿ ದಾಟಿದ್ದರೆ ಯಾರೂ ‘ಸೆಟ್ ಆಗುತ್ತೆ’ ಎನ್ನುವುದಿಲ್ಲ. ಡಿಸ್ಕನ್ನು ಲೇಥಿಗೆ ಕೊಟ್ಟು ಸ್ಕಿಮ್ ಮಾಡಿಸಿಕೊಡುತ್ತೇವೆ ಎಂದರೆ ನಾನಾದರೆ ಒಪ್ಪುವುದಿಲ್ಲ. ನಾಲ್ಕು ತಿಂಗಳ ಗಾಡಿಗೆ ಜೊತೆ ಡಿಸ್ಕು, ಜೊತೆ ಪ್ಯಾಡು ಹೊಸದೇ ಬರಬೇಕು.

ಅಡ್ವೈಸರ್ ಹಿಂಜರಿಯಲು ಕಾರಣವಿದೆ, ಅದು ತಿಳಿದಿದ್ದರೆ ಮಾತು ಸಲೀಸು. ವಾರಂಟಿ ಕೆಲಸದ ದುಡ್ಡು ಡೀಲರಿಗೆ ಕಂಪನಿಯಿಂದ ಬರಬೇಕು. ಪುರಾವೆ ಇಲ್ಲದೆ ಭಾಗ ಬದಲಿಸಿದರೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು, ಆಗ ಖರ್ಚು ಡೀಲರಿನ ತಲೆಗೆ. ಅಂದರೆ ನೀವು ಕೇಳುವ ಅಳತೆ ಅವರಿಗೂ ಬೇಕಾದದ್ದೇ. ‘ಬ್ರೇಕ್‌ಗೆ ವಾರಂಟಿ ಇಲ್ಲ’ ಎಂಬುದು ಅರ್ಧ ಸತ್ಯ. ಪ್ಯಾಡ್, ಶೂ ಸಾಮಾನ್ಯವಾಗಿ ಸವೆಯುವ ಭಾಗಗಳ ಪಟ್ಟಿಯಲ್ಲಿರುತ್ತವೆ. ಮಾಸ್ಟರ್ ಸಿಲಿಂಡರ್, ಬೂಸ್ಟರ್, ಕ್ಯಾಲಿಪರ್, ಎಬಿಎಸ್ ಘಟಕ ಸವೆದು ಹೋಗುವ ಭಾಗಗಳಲ್ಲ. ವಾರಂಟಿ ಪುಸ್ತಕದ ಆ ಪುಟ ತೆರೆದು ‘ಯಾವ ಸಾಲಿನ ಪ್ರಕಾರ ಇಲ್ಲ ಅಂತೀರಿ, ಬರೆದುಕೊಡಿ’ ಎಂದು ಕೇಳಿ. ಈ ಮಧ್ಯೆ ಹೊರಗಿನ ಗ್ಯಾರೇಜಿನಲ್ಲಿ ಬ್ರೇಕ್ ಬಿಚ್ಚಿಸಬೇಡಿ. ಮುಂದೆ ಎಲ್ಲಕ್ಕೂ ಅದನ್ನೇ ನೆಪ ಮಾಡುತ್ತಾರೆ.

ಕೆಲಸ ಮುಗಿದ ಮರುದಿನ, ಸರ್ವಿಸ್ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವ ಒಂದು ಕರೆ ಬರುತ್ತದೆ. ಅದಕ್ಕೆ ಮೊದಲೇ ಅಡ್ವೈಸರ್ ‘ಸಾರ್, ಹತ್ತಕ್ಕೆ ಹತ್ತು ಕೊಟ್ಟುಬಿಡಿ’ ಎಂದು ಕೇಳಿಕೊಂಡಿರುತ್ತಾನೆ. ಆ ಹುಡುಗನ ಸಂಬಳದ ಪ್ರಶ್ನೆ ಅದು, ನನಗೂ ಮರುಕವಿದೆ. ಆದರೆ ನಡುಕ ಹೋಗದೆ ಹತ್ತು ಎಂದರೆ ದೂರು ಬಗೆಹರಿದಿದೆ ಎಂದು ನೀವೇ ಒಪ್ಪಿಕೊಂಡಂತೆ. ಆತನ ನಡವಳಿಕೆ ಚೆನ್ನಾಗಿತ್ತು, ಬ್ರೇಕ್ ಸರಿಯಾಗಿಲ್ಲ ಎಂದು ಎರಡನ್ನೂ ಬಿಡಿಸಿ ಹೇಳಿ.

ಅಲ್ಲಿಗೂ ಆಗದಿದ್ದರೆ ವರ್ಕ್ಸ್ ಮ್ಯಾನೇಜರ್, ಆಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್. ಚಾಸಿ ನಂಬರ್, ಜಾಬ್ ಕಾರ್ಡುಗಳು, ಅಳತೆ ಎಲ್ಲ ಲಗತ್ತಿಸಿ, ಆ ಭಾಗದ ಕಂಪನಿ ಸರ್ವಿಸ್ ಎಂಜಿನಿಯರ್ ಖುದ್ದಾಗಿ ಗಾಡಿ ನೋಡಬೇಕು ಎಂದು ಕೇಳಿ. ನಿಮ್ಮ ಚಾಸಿ ನಂಬರಿಗೆ ರಿಕಾಲ್ ಇದೆಯೇ ಎಂದೂ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಬ್ರೇಕಿನ ರಿಕಾಲ್ ಅಪರೂಪವೇನಲ್ಲ. 2018ರಲ್ಲಿ ಮಾರುತಿ ಸುಜುಕಿ 52,686 ಸ್ವಿಫ್ಟ್ ಮತ್ತು ಬಲೆನೊಗಳನ್ನು ಬ್ರೇಕಿನ ವ್ಯಾಕ್ಯೂಮ್ ಹೋಸ್ ತಪಾಸಣೆಗೆ ಕರೆಯಿತು. 2022ರ ಅಕ್ಟೋಬರಿನಲ್ಲಿ ಹಿಂಬದಿ ಬ್ರೇಕಿನ ಪಿನ್ನಿಗಾಗಿ 9,925 ಗಾಡಿಗಳನ್ನು. 2010ರಲ್ಲಿ ಟೊಯೋಟಾ ಪ್ರಿಯಸ್ ಓಡಿಸುವವರು ಉಬ್ಬುತಗ್ಗಿನಲ್ಲಿ ಬ್ರೇಕ್ ಒಂದು ಕ್ಷಣ ಕೈಕೊಡುತ್ತದೆ ಎಂದಾಗ ಕಂಪನಿ ಮೊದಲು ಅದನ್ನು ಚಾಲಕರ ಅನುಭವಕ್ಕೆ ಬಿಟ್ಟ ವಿಷಯ ಎಂಬಂತೆ ವಿವರಿಸಿತು. ಕೆಲವೇ ದಿನಗಳಲ್ಲಿ ಎಬಿಎಸ್ ಸಾಫ್ಟ್‌ವೇರ್ ಬದಲಿಸಲು ಜಗತ್ತಿನಾದ್ಯಂತ ಸುಮಾರು 4,37,000 ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಯಿತು. ನಮ್ಮಲ್ಲೂ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿದೆ. ಏಳು ವರ್ಷದೊಳಗಿನ ಗಾಡಿಯ ಸುರಕ್ಷತೆಯ ದೋಷವನ್ನು ಮಾಲೀಕರು ಕೇಂದ್ರದ ವಾಹನ್ ಜಾಲತಾಣದಲ್ಲಿ ದಾಖಲಿಸಬಹುದು. ನಿಮ್ಮೊಬ್ಬರ ದೂರಿನಿಂದ ರಿಕಾಲ್ ಆಗದು, ಆದರೆ ಲೆಕ್ಕಕ್ಕೆ ಸೇರುತ್ತದೆ. ದಯವಿಟ್ಟು ಸೇರಿಸಿ.

ಕಾರನ್ನೇ ಬದಲಿಸಿ ಎಂದು ಕೇಳಬಹುದು; ಸಿಗುವುದು ಸುಲಭವಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಭಾಗವೊಂದರಲ್ಲಿ ದೋಷವಿದ್ದರೆ ಆ ಭಾಗ ಬದಲಿಸುವುದು ವಾರಂಟಿಯ ಹೊಣೆ, ಇಡೀ ಕಾರನ್ನಲ್ಲ ಎಂಬ ನಿಲುವು ತಳೆಯಿತು. ಹಾಗಾಗಿ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಮೊದಲು ದೋಷ ಸರಿಪಡಿಸುವುದನ್ನು, ಆಗದಿದ್ದರೆ ಕಾರು ಬದಲಿ ಅಥವಾ ಹಣ ವಾಪಸನ್ನು, ಜೊತೆಗೆ ಓಡಾಟದ ಖರ್ಚು ಮತ್ತು ಪರಿಹಾರವನ್ನು ಕೇಳಿ. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅದು ತೀರ್ಪು ಕೊಡುವ ಜಾಗವಲ್ಲ, ಆದರೆ ದೂರನ್ನು ಕಂಪನಿಗೆ ಮುಟ್ಟಿಸುತ್ತದೆ, ಕೆಲವೊಮ್ಮೆ ಅಷ್ಟರಲ್ಲೇ ಕೆಲಸವಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾರು ಎಲ್ಲೇ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಆಯೋಗದಲ್ಲೇ ದೂರು ಕೊಡಬಹುದು. ಕಾರಿನ ಬೆಲೆ 50 ಲಕ್ಷ ಮೀರಿರಬಾರದು. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಶುಲ್ಕ 5ರಿಂದ 10 ಲಕ್ಷದ ಕಾರಿಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯವಲ್ಲ. ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಪರೀಕ್ಷೆಯಿಲ್ಲದೆ ದೋಷ ಹೇಳಲಾಗದು ಎನಿಸಿದರೆ ಆಯೋಗ ಗಾಡಿಯನ್ನು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬೇಕು. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಹಣ ತೆಗೆದಿಟ್ಟುಕೊಂಡಿರಿ.