ಎರಡು ಕಲೆ, ಒಂದು ತೀರ್ಮಾನ

ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಕ್ಕೂ ಫಿಟ್ಸ್ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಸಾಧ್ಯತೆ ನೋಡಬೇಕು ಎನ್ನುತ್ತಾರೆ ನರರೋಗ ತಜ್ಞರು. ನನ್ನ ತಮ್ಮನದು ಆ ಹಂತ ತಲುಪಿತ್ತು. ಅವನ ತಪಾಸಣೆಗಳಿಗೆಲ್ಲ ಜೊತೆಗೆ ಓಡಾಡಿದವಳು ನಾನು.

ಹಳೆಯ ಎಂಆರ್‌ಐ ವರದಿಯಲ್ಲಿ ಇದ್ದದ್ದು ಒಂದೇ ಕಲೆ: ಬಲ ಮಿದುಳಿನಲ್ಲಿ ಸುಣ್ಣಗಟ್ಟಿದ ಚುಕ್ಕೆ. ಎಂದೋ ಲಾಡಿಹುಳುವಿನ ಮರಿ ಸೇರಿ ಸತ್ತ ಗುರುತು. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದು ಸಾಮಾನ್ಯ ಕಾರಣ. ಆದರೆ ತಮ್ಮನಿಗೆ ಹೊಟ್ಟೆಯಿಂದ ಏನೋ ಮೇಲೇರಿದಂತಾಗಿ, ದೃಷ್ಟಿ ನೆಟ್ಟು, ತುಟಿ ಚಪ್ಪರಿಸುತ್ತ ಬಲಗೈ ತಿರುಚಿಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ನೋಡಿದ ವೈದ್ಯರು, "ಕಂಡಿದ್ದೆಲ್ಲ ಕಳ್ಳ ಅಲ್ಲಮ್ಮ. ಎಡಗಡೆ ಟೆಂಪೊರಲ್ ಲೋಬ್ ನೋಡಬೇಕು" ಅಂದರು. ಆ ಅನುಮಾನವನ್ನೇ ಚೀಟಿಯಲ್ಲಿ ಬರೆದು, ಮೂರ್ಛೆರೋಗಕ್ಕೆಂದೇ ಇರುವ ಕ್ರಮದಲ್ಲಿ, 3 ಟೆಸ್ಲಾ ಯಂತ್ರದಲ್ಲಿ ಮತ್ತೆ ಎಂಆರ್‌ಐ ಮಾಡಿಸಿದರು. ಸುಮಾರು 1 ಮಿಲಿಮೀಟರ್ ತೆಳುವಿನ ಪದರಗಳಲ್ಲಿ ಎಡ ಟೆಂಪೊರಲ್ ಲೋಬಿನೊಳಗಿನ ಹಿಪೊಕ್ಯಾಂಪಸ್ ಕುಗ್ಗಿರುವುದು ಕಂಡಿತು. ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂದು ಹೇಳಿ ಕಳಿಸಿದರೆ ಸ್ಕ್ಯಾನ್ ಹೆಚ್ಚು ಹೇಳುತ್ತದೆ.

ಈಗ ಕಲೆ ಎರಡಾದವು. ಯಾವುದು ಮೂಲ? ವಿಡಿಯೊ ಇಇಜಿಯಲ್ಲಿ ಫಿಟ್ಸ್ ಎಡಗಡೆಯಿಂದಲೇ ಹೊರಟಿತು. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ರೋಗದ ಜಾಗ ಗ್ಲೂಕೋಸನ್ನು ಕಡಿಮೆ ಬಳಸುವುದರಿಂದ ಪೆಟ್ ಸ್ಕ್ಯಾನಿನಲ್ಲಿ ಮಂಕಾಗಿ ಕಾಣುತ್ತದೆ. ಅಲ್ಲಿ ಮಂಕಾಗಿದ್ದದ್ದೂ ಎಡ ಟೆಂಪೊರಲ್ ಲೋಬೇ. ಬಲಗಡೆಯ ಚುಕ್ಕೆಯನ್ನು ಅದರ ಪಾಡಿಗೆ ಬಿಡುವುದೆಂದು ಆಯಿತು.

ಎಲ್ಲಿ ಕೊಯ್ಯಬೇಕೆಂದು ತಿಳಿದ ಮೇಲೆ, ಯಾವುದನ್ನು ಉಳಿಸಬೇಕು ಎನ್ನುವ ಪ್ರಶ್ನೆ. ಎಫ್‌ಎಂಆರ್‌ಐ ಯಂತ್ರದೊಳಗೆ ಮನಸ್ಸಿನಲ್ಲೇ ಪದಗಳನ್ನು ಹೇಳಿಕೊಳ್ಳಲು ಹೇಳಿ, ಅವನ ಮಾತಿನ ಕೇಂದ್ರವೂ ಎಡಗಡೆಯೇ ಎಂದು ಗುರುತಿಸಿದರು. ಡಿಟಿಐ ಚಿತ್ರದಲ್ಲಿ ದೃಷ್ಟಿಯ ನರತಂತುಗಳು ಟೆಂಪೊರಲ್ ಲೋಬನ್ನು ಬಳಸಿ ಹೋಗುವ ದಾರಿ ತೋರಿಸಿದರು. ಅದಕ್ಕೆ ಪೆಟ್ಟಾದರೆ ಬಲಬದಿಯ ಮೇಲ್ಗಡೆ ನೋಟ ಮಸುಕಾಗಬಹುದು. ಪದಗಳ ನೆನಪು ಕುಗ್ಗುವ ಸಂಭವವಿದೆ ಎಂದು ನೆನಪಿನ ಪರೀಕ್ಷೆಗಳನ್ನು ಮುಂದಿಟ್ಟು ವಿವರಿಸಿದರು. ನನ್ನ ತಮ್ಮ ಶಾಲೆಯ ಮೇಷ್ಟ್ರು. ಮಕ್ಕಳ ಹೆಸರು ಮರೆತರೆ ಎಂಬ ಅಳುಕು ಅವನಿಗೆ. ನಷ್ಟ ಏನಾಗಬಹುದೆಂದು ಮುಂಚೆಯೇ ಗೊತ್ತಿದ್ದುದರಿಂದ ಯೋಚಿಸಿಯೇ ಒಪ್ಪಿದ. ಶಸ್ತ್ರಚಿಕಿತ್ಸೆಯಾಗಿ ಈಗ ಫಿಟ್ಸ್ ನಿಂತಿದೆ, ಮಾತ್ರೆ ಮುಂದುವರಿದಿದೆ, ಕೆಲವು ಹೆಸರು ತಡವಾಗಿ ನೆನಪಾಗುತ್ತವೆ.

ಈ ದಾರಿಯಲ್ಲಿರುವ ಮನೆಯವರಿಗೆ ನಾನು ಹೇಳುವುದಿಷ್ಟು: ವರದಿಯ ಜೊತೆ ಸ್ಕ್ಯಾನಿನ ಮೂಲ ಚಿತ್ರಗಳನ್ನೂ ಜೋಪಾನ ಮಾಡಿ. ಫಿಟ್ಸ್ ಬಂದಾಗ ವಿಡಿಯೊ ಹಿಡಿದಿಡಿ. ಎಂಆರ್‌ಐ, ಇಇಜಿ, ಪೆಟ್ ಎಲ್ಲವೂ ಒಂದೇ ಜಾಗವನ್ನು ತೋರಿಸುತ್ತಿವೆಯೇ ಎಂದು ಸಹಿ ಹಾಕುವ ಮುನ್ನ ಕೇಳಿ.