ಇಂಗ್ಲಿಷ್ ನುಡಿಗಟ್ಟು: ಮೊದಲು ಕಿವಿಗೆ, ಆಮೇಲೆ ಬಾಯಿಗೆ

ಪ್ರಶ್ನೆ: ಕೆಲಸದ ಸಂದರ್ಶನಕ್ಕೆಂದು ಇಂಗ್ಲಿಷ್ ನುಡಿಗಟ್ಟುಗಳ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೇನೆ. ಅರ್ಥ ಗೊತ್ತು, ಆದರೆ ಮಾತಿನಲ್ಲಿ ಬಳಸಿದರೆ ಎದುರಿಗಿದ್ದವರು ವಿಚಿತ್ರವಾಗಿ ನೋಡುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
— ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಶ್ರಮ ವ್ಯರ್ಥವಾಗಿಲ್ಲ. ಆದರೆ ಪಟ್ಟಿ ಅರ್ಥವನ್ನಷ್ಟೇ ಹೇಳುತ್ತದೆ. ಆ ಮಾತನ್ನು ಯಾರು, ಯಾರೊಂದಿಗೆ, ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂಬುದನ್ನು ಹೇಳುವುದಿಲ್ಲ. ತೊಡಕು ಇರುವುದು ಅಲ್ಲೇ.

'ಕಿಕ್ ದ ಬಕೆಟ್' ಎಂದರೆ ಸಾಯುವುದು ಎಂದು ನಿಮ್ಮ ಪಟ್ಟಿಯಲ್ಲೂ ಇದ್ದೀತು. ಆದರೆ ಅದು ತೀರಾ ಹಗುರವಾದ ಮಾತು. ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಹಾಗೆಂದರೆ, ಸೂತಕದ ಮನೆಗೆ ಹೋಗಿ 'ನಿಮ್ಮಪ್ಪ ಗೊಟಕ್ ಅಂದರಂತೆ' ಎಂದು ವಿಚಾರಿಸಿದಂತಾಗುತ್ತದೆ. ಅಲ್ಲಿ 'ಪಾಸ್ಡ್ ಅವೇ' ಎನ್ನಬೇಕು. ಹಾಗೆಯೇ, ಜೋರು ಮಳೆಗೆ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಇಂದು ಅದು ಹಳಬರ ಮಾತಿನಂತೆ ಕೇಳಿಸುತ್ತದೆ. ಸಾಮಾನ್ಯವಾಗಿ ಜನ 'ಇಟ್ಸ್ ಪೋರಿಂಗ್' ಎಂದು ಮುಗಿಸುತ್ತಾರೆ. ಕಲಿಯುವವರಿಗಾಗಿ ಮಾಡಿದ ಒಳ್ಳೆಯ ನಿಘಂಟುಗಳು ಇಂಥ ಮಾತುಗಳ ಪಕ್ಕದಲ್ಲಿ 'ಇನ್‌ಫಾರ್ಮಲ್', 'ಓಲ್ಡ್ ಫ್ಯಾಷನ್ಡ್' ಎಂದು ಗುರುತು ಹಾಕಿರುತ್ತವೆ. ಅರ್ಥದಷ್ಟೇ ಗಮನವಿಟ್ಟು ಆ ಗುರುತನ್ನೂ ಓದಿ.

ಎರಡನೆಯದು, ರೂಪ. ಕನ್ನಡದಲ್ಲಿ 'ಕೈಕೊಟ್ಟ' ಎಂದರೆ ಮೋಸ ಮಾಡಿದ. ಕೈ ಬದಲು 'ಹಸ್ತ' ಎಂದರೆ ಆ ಅರ್ಥ ಉಳಿಯದು. ಇಂಗ್ಲಿಷಿನಲ್ಲೂ ಹಾಗೆಯೇ. ಗುಟ್ಟು ಹೊರಬಿತ್ತು ಎನ್ನಲು 'ದ ಬೀನ್ಸ್ ವರ್ ಸ್ಪಿಲ್ಡ್' ಎಂದು ತಿರುಗಿಸಿ ಹೇಳಬಹುದು. ಆದರೆ 'ದ ಬಕೆಟ್ ವಾಸ್ ಕಿಕ್ಡ್' ಎಂದರೆ ಯಾರೂ ಸತ್ತಿಲ್ಲ, ಬಕೆಟ್ಟಿಗೆ ಒದೆ ಬಿದ್ದಿದೆ ಅಷ್ಟೆ. ಯಾವುದು ಬಾಗುತ್ತದೆ, ಯಾವುದು ಬಾಗುವುದಿಲ್ಲ ಎಂಬುದಕ್ಕೆ ನಿಯಮವಿಲ್ಲ. ಆದ್ದರಿಂದ ಕೇಳಿದ ರೂಪದಲ್ಲೇ ಆಡಿ.

ಮೂರನೆಯದು, ಊರು. 'ಲೆಟ್ಸ್ ಟೇಬಲ್ ದಿಸ್' ಎಂದರೆ ಲಂಡನ್ನಿನ ಸಭೆಯಲ್ಲಿ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳೋಣ ಎಂದು. ನ್ಯೂಯಾರ್ಕಿನಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ನಮ್ಮ 'ತಲೆ ತಿನ್ನಬೇಡ'ವನ್ನು 'ಡೋಂಟ್ ಈಟ್ ಮೈ ಹೆಡ್' ಎಂದರೆ ಬೆಂಗಳೂರಿನ ಆಫೀಸಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶದ ಗ್ರಾಹಕ ಮಾತ್ರ ಗಲಿಬಿಲಿಗೊಳ್ಳುತ್ತಾನೆ.

ನೆನಪಿಡುವುದಕ್ಕೆ ನುಡಿಗಟ್ಟು ಹುಟ್ಟಿದ ಜಾಗ ನೆರವಾಗುತ್ತದೆ. 'ಟೇಕನ್ ಅಬ್ಯಾಕ್' ಹಾಯಿಹಡಗಿನದು: ಎದುರುಗಾಳಿ ಬೀಸಿ ಹಾಯಿ ಹಿಂದಕ್ಕೆ ಕಂಬಕ್ಕೆ ಒತ್ತಿಕೊಂಡಾಗ ಹಡಗಿನ ಮುನ್ನಡೆಗೆ ತಡೆ ಬೀಳುತ್ತದೆ. ಅನಿರೀಕ್ಷಿತ ಸುದ್ದಿಗೆ ಮನುಷ್ಯ ತಬ್ಬಿಬ್ಬಾಗುವುದೂ ಹಾಗೇ. 'ಆನ್ ದ ಬ್ಯಾಕ್ ಫುಟ್' (ರಕ್ಷಣೆಗಿಳಿದ ಸ್ಥಿತಿ) ಕ್ರಿಕೆಟ್ಟಿನದು. ಕ್ರಿಕೆಟ್ ನೋಡುವವರಿಗೆ ವಿವರಣೆಯೇ ಬೇಡ. 'ರೈಟಿಂಗ್ ಆನ್ ದ ವಾಲ್' ಬೈಬಲ್ಲಿನ ದಾನಿಯೇಲನ ಗ್ರಂಥದ್ದು: ಬಾಬೆಲಿನ ಅರಸನ ಔತಣದ ನಡುವೆ ಕೈಯೊಂದು ಕಾಣಿಸಿಕೊಂಡು ಗೋಡೆಯ ಮೇಲೆ ಅವನ ಪತನವನ್ನು ಬರೆಯುತ್ತದೆ. ಈ ಚಿತ್ರ ಕಣ್ಣಿಗೆ ಕಟ್ಟಿದರೆ, 'ಕೇಡು ಖಚಿತವೆಂಬ ಸೂಚನೆ' ಎಂಬ ಅರ್ಥ ಮರೆಯುವುದಿಲ್ಲ. ಆದರೆ ಎಲ್ಲ ಮೂಲಕಥೆಗಳನ್ನೂ ನಂಬಬೇಡಿ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಹುಟ್ಟಿದ್ದರ ಬಗ್ಗೆ ಹೇಳುವ, ಮಳೆಗೆ ಹುಲ್ಲುಮಾಡಿನಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವು ಎಂಬ ಜನಪ್ರಿಯ ಕಥೆಗೆ ಆಧಾರವಿಲ್ಲ.

ಈಗ ಮಾಡಬೇಕಾದದ್ದು: ಪಟ್ಟಿಯನ್ನು ಮುಚ್ಚಿಡಿ. ಸುದ್ದಿ, ಸಂದರ್ಶನ, ಆಫೀಸಿನ ಮಾತುಕತೆಗಳನ್ನು ಕೇಳಿ. ಒಂದೇ ನುಡಿಗಟ್ಟು ಬೇರೆ ಬೇರೆ ಬಾಯಲ್ಲಿ ಬಂದರೆ ಇಡೀ ವಾಕ್ಯವನ್ನೇ ಬರೆದುಕೊಳ್ಳಿ. ಯಾರು ಯಾರಿಗೆ ಹೇಳಿದರೆಂದೂ ಗುರುತಿಸಿ. ಆಡುವುದಕ್ಕೆ 'ಆನ್ ದ ಸೇಮ್ ಪೇಜ್' (ಒಂದೇ ಅಭಿಪ್ರಾಯದಲ್ಲಿ), 'ಕೀಪ್ ಮಿ ಇನ್ ದ ಲೂಪ್' (ನನಗೂ ತಿಳಿಸುತ್ತಿರಿ) ಎಂಬಂಥ ಕೆಲಸದ ಜಾಗದ ಮಾತುಗಳಿಂದ ಶುರುಮಾಡಿ. ಸಂದರ್ಶನದಲ್ಲಂತೂ ಕೇಳುವವರ ನುಡಿಗಟ್ಟು ನಿಮಗೆ ಅರ್ಥವಾದರೆ ಸಾಕು. ಉತ್ತರವನ್ನು ನೇರವಾದ, ಸರಳ ಇಂಗ್ಲಿಷಿನಲ್ಲೇ ಕೊಡಿ. ಅಲ್ಲಿ ತೂಕವಿರುವುದು ನೀವು ಹೇಳುವ ವಿಷಯಕ್ಕೆ.