ಓಡಾಟದ ಕೆಲಸಕ್ಕೆ ಒಗ್ಗುವ ಡೈಪರ್ ಆರಿಸುವುದು ಹೇಗೆ?

ಮೂತ್ರ ಸೋರುತ್ತದೆ ಎಂಬ ಕಾರಣಕ್ಕೆ ಕೆಲಸ ಬಿಡುವ ಯೋಚನೆ ಬಂದಿದೆಯೆ? ಬಿಡಬೇಡಿ. ದೊಡ್ಡವರ ಡೈಪರ್ ಎಂದರೆ ಹಾಸಿಗೆ ಹಿಡಿದ ಮುದುಕರಿಗೆ ಎಂದು ನಮ್ಮಲ್ಲಿ ಎಲ್ಲರೂ ಅಂದುಕೊಂಡುಬಿಟ್ಟಿದ್ದಾರೆ. ಹೆರಿಗೆಯಾದ ಮೇಲೆ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಮೇಲೆ, ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ, ಹಳೆಯ ಸಕ್ಕರೆ ಕಾಯಿಲೆಯಿಂದ ಮೂತ್ರದ ಹಿಡಿತ ತಪ್ಪಿದವರಲ್ಲಿ ದುಡಿಯುವ ವಯಸ್ಸಿನವರೂ ಇದ್ದಾರೆ. ಬಸ್ ಕಂಡಕ್ಟರ್, ವಾರ್ಡಿನ ನರ್ಸ್, ಗಾರ್ಮೆಂಟ್ಸ್ ಹೆಲ್ಪರ್, ಟ್ರಾಫಿಕ್ ಪೊಲೀಸ್, ಡೆಲಿವರಿ ಮಾಡುವವರು, ಪೌರಕಾರ್ಮಿಕರು ಯಾರೇ ಆಗಲಿ, ಅವರಿಗೆ ಬೇಕಾದ ಡೈಪರ್ ಬೇರೆಯದೇ. ಮಲಗಿದವರದ್ದು ಚೆನ್ನಾಗಿ ಹೀರಿದರೆ ಸಾಕು. ದುಡಿಯುವವರದ್ದು ಬಗ್ಗಿದಾಗ, ಮೆಟ್ಟಿಲು ಹತ್ತಿದಾಗ, ಓಡಿದಾಗ ಜಾಗ ಬಿಟ್ಟು ಕದಲಬಾರದು. ಆಯ್ಕೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

1. ಮೊದಲು ಎಷ್ಟು ಸೋರುತ್ತದೆ ಅಳೆಯಿರಿ

ಅಂದಾಜಿನ ಮೇಲೆ ಅಂಗಡಿಗೆ ಹೋದರೆ ದುಡ್ಡು ದಂಡ. ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ನೀರು ಕುಡಿದಿರಿ, ಎಷ್ಟು ಹೊತ್ತಿಗೆ ಹೋಗಿಬಂದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಮುಂದೆ ವೈದ್ಯರು ಕೇಳುವುದೂ ಇದನ್ನೇ. ಪ್ರಮಾಣ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣಗಿದ ಪ್ಯಾಡನ್ನು ತೂಗಿ, ಒದ್ದೆಯಾದ ಮೇಲೆ ಕವರಿನಲ್ಲಿ ಹಾಕಿ ಮತ್ತೆ ತೂಗಿ. ಹೆಚ್ಚಾದ ಪ್ರತಿ ಗ್ರಾಮೂ ಸರಿಸುಮಾರು ಒಂದು ಮಿಲಿಲೀಟರ್. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಕೆಮ್ಮಿದಾಗ, ಸೀನಿದಾಗ, ಮೂಟೆ ಎತ್ತಿದಾಗ ನಾಲ್ಕು ಹನಿ ಬೀಳುವುದು ಒಂದು ಬಗೆ. ಅವಸರವಾಗಿ ಬಾಗಿಲು ಮುಟ್ಟುವ ಮೊದಲೇ ಇಡೀ ಮೂತ್ರಕೋಶ ಖಾಲಿಯಾಗುವುದು ಇನ್ನೊಂದು. ಎರಡಕ್ಕೂ ಒಂದೇ ಸರಕು ಆಗುವುದಿಲ್ಲ.

2. ಹನಿಗಳಿಗೆ ಡೈಪರ್ ಬೇಡ, ಪ್ಯಾಡ್ ಸಾಕು

ನಿಮ್ಮದು ಮೊದಲನೆಯ ಬಗೆಯಾದರೆ ಒಳಚಡ್ಡಿಗೆ ಅಂಟಿಸಿಕೊಳ್ಳುವ ಮೂತ್ರದ ಪ್ಯಾಡ್ ತೆಗೆದುಕೊಳ್ಳಿ. ಗಂಡಸರಿಗೆ ಮುಂಭಾಗ ಮಾತ್ರ ಮುಚ್ಚುವ ಪ್ಯಾಡುಗಳೂ ಸಿಗುತ್ತವೆ. ಇದರಲ್ಲಿ ಸೆಕೆ ಕಡಿಮೆ, ಖರ್ಚೂ ಕಡಿಮೆ, ಬಟ್ಟೆಯ ಮೇಲಿಂದ ಕಾಣುವುದೂ ಇಲ್ಲ. ಮುಟ್ಟಿನ ನ್ಯಾಪ್ಕಿನ್ನನ್ನೇ ಇದಕ್ಕೂ ಬಳಸುವ ಹೆಂಗಸರು ಅನೇಕರಿದ್ದಾರೆ. ಅದು ನಿಧಾನವಾಗಿ ಬರುವ ದಪ್ಪ ರಕ್ತಕ್ಕೆಂದು ಮಾಡಿದ್ದು. ಒಮ್ಮೆಲೇ ಧುಮ್ಮಿಕ್ಕುವ ತೆಳುವಾದ ಮೂತ್ರವನ್ನು ಅಷ್ಟು ಬೇಗ ಹೀರಲಾರದು, ತೊಡೆಯ ಸಂದಿನಲ್ಲಿ ಒದ್ದೆ ಉಳಿದು ಚರ್ಮ ಕೆಡುತ್ತದೆ.

3. ಶೌಚಾಲಯ ನೋಡಿ, ಆಮೇಲೆ ಮಾದರಿ ಆರಿಸಿ

ಇದನ್ನು ಅಂಗಡಿಯವರು ಹೇಳುವುದಿಲ್ಲ, ಪ್ಯಾಕೆಟ್ಟಿನ ಮೇಲೂ ಬರೆದಿರುವುದಿಲ್ಲ. ಪೂರ್ತಿ ಡೈಪರಿನಲ್ಲಿ ಮುಖ್ಯವಾಗಿ ಎರಡು ಮಾದರಿ. ಒಂದು ಚಡ್ಡಿಯಂತೆ ಕಾಲು ತೂರಿಸಿ ಏರಿಸುವ ಪ್ಯಾಂಟ್ ಮಾದರಿ, ಇನ್ನೊಂದು ಎರಡೂ ಪಕ್ಕದಲ್ಲಿ ಅಂಟಿಸುವ ಟೇಪ್ ಮಾದರಿ. ಓಡಾಡುವವರಿಗೆ ಪ್ಯಾಂಟ್, ಮಲಗಿದವರಿಗೆ ಟೇಪ್ ಎಂದು ಕಣ್ಣುಮುಚ್ಚಿ ಕೊಟ್ಟುಬಿಡುತ್ತಾರೆ. ಅರ್ಧ ಮಾತ್ರ ನಿಜ.

ಪ್ಯಾಂಟ್ ಮಾದರಿ ಮೈಗೆ ಕೂರುತ್ತದೆ, ಹೊರಗೆ ಉಬ್ಬು ಕಾಣುವುದಿಲ್ಲ, ಆಗಾಗ ಶೌಚಾಲಯಕ್ಕೆ ಹೋಗಬಲ್ಲವರಿಗೆ ಇಳಿಸಿ ಏರಿಸಲು ಸಲೀಸು. ತೆಗೆಯುವಾಗ ಪಕ್ಕದ ಹೊಲಿಗೆ ಹರಿದರೆ ಆಯಿತು. ತೊಡಕು ಇರುವುದು ಹೊಸದನ್ನು ಹಾಕುವಾಗ. ಶೂ ಬಿಚ್ಚಬೇಕು, ಪ್ಯಾಂಟು ಪೂರ್ತಿ ಕಳಚಬೇಕು, ಕಾಲು ಎತ್ತಿ ತೂರಿಸಬೇಕು. ಬಸ್ ನಿಲ್ದಾಣದ ಒದ್ದೆ ನೆಲದ, ಕೊಕ್ಕೆಯಿಲ್ಲದ ಶೌಚಾಲಯದಲ್ಲಿ ಬೂಟು ಹಾಕಿದ ಪೊಲೀಸರಿಗಾಗಲಿ ಸೇಫ್ಟಿ ಶೂ ಹಾಕಿದ ಕಾರ್ಖಾನೆ ಕೆಲಸಗಾರರಿಗಾಗಲಿ ಇದು ಆಗದ ಮಾತು. ಟೇಪ್ ಮಾದರಿಯಾದರೆ ಪ್ಯಾಂಟನ್ನು ಮೊಣಕಾಲಿಗೆ ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತು ಬದಲಿಸಬಹುದು. ಮನೆಯಲ್ಲಿ ಕೆಲವು ಸಲ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ಸೀರೆ ಉಟ್ಟು ಚಪ್ಪಲಿ ಹಾಕುವ ಹೆಂಗಸರಿಗೆ ಪ್ಯಾಂಟ್ ಮಾದರಿಯೇ ಸುಲಭ. ಚೂಡಿದಾರಿನವರು ಬಿಗಿ ಕಾಲಿನ ಪ್ಯಾಂಟ್ ಬಿಟ್ಟು ಸಡಿಲವಾದ ಸಲ್ವಾರ್ ಹಾಕಿಕೊಳ್ಳಿ.

ಹಾಗಾಗಿ ಮೊದಲು ನಿಮ್ಮ ಕೆಲಸದ ಜಾಗದ ಶೌಚಾಲಯವನ್ನು ನೋಡಿ ಬನ್ನಿ. ಬಾಗಿಲಿಗೆ ಚಿಲಕ ಇದೆಯೆ, ಚೀಲ ನೇತುಹಾಕಲು ಮೊಳೆ ಇದೆಯೆ, ನೆಲ ಒಣಗಿದೆಯೆ, ಕಸದ ಡಬ್ಬಿ ಇದೆಯೆ?

4. ಟೇಪು ಹಿಡಿದು ಅಳತೆ ತೆಗೆದುಕೊಳ್ಳಿ

ದರ್ಜಿಯ ಟೇಪಿನಲ್ಲಿ ಹೊಕ್ಕುಳ ಮಟ್ಟದ ಸೊಂಟ ಮತ್ತು ಪೃಷ್ಠದ ಅತಿ ಅಗಲದ ಜಾಗ, ಎರಡನ್ನೂ ಅಳೆಯಿರಿ. ಯಾವುದು ಹೆಚ್ಚೋ ಅದನ್ನು ಪ್ಯಾಕೆಟ್ಟಿನ ಪಟ್ಟಿಗೆ ಹೋಲಿಸಿ. ಪ್ಯಾಂಟಿನ ಸೈಜ್ ಇಲ್ಲಿ ಲೆಕ್ಕಕ್ಕಿಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ಗೆ ಸಮ ಇರಬಹುದು. ದೊಡ್ಡದಾದರೆ ಹೆಚ್ಚು ಹಿಡಿಯುತ್ತದೆ ಎಂದು ಒಂದು ಸೈಜ್ ಮೇಲಿನದನ್ನು ಕೊಳ್ಳುವವರಿದ್ದಾರೆ. ತೊಡೆಯ ಹತ್ತಿರ ಸಂದು ಬಿಟ್ಟರೆ ಎಷ್ಟು ಹೀರುವ ಶಕ್ತಿಯಿದ್ದರೂ ನೀರು ಹೊರಗೇ ಹರಿಯುತ್ತದೆ. ಎರಡು ಸೈಜಿನ ನಡುವೆ ಇದ್ದೀರೆಂದರೆ ಓಡಾಟದ ಕೆಲಸಕ್ಕೆ ಚಿಕ್ಕದನ್ನು ಮೊದಲು ಹಾಕಿ ನೋಡಿ, ತೊಡೆಯಲ್ಲಿ ಕೆಂಪು ಗೆರೆ ಮೂಡಿದರೆ ಮಾತ್ರ ದೊಡ್ಡದಕ್ಕೆ ಹೋಗಿ.

5. ಪ್ಯಾಕೆಟ್ಟಿನ ಮಿಲಿಲೀಟರ್ ನಂಬಿ ಕೂರಬೇಡಿ

ಡೈಪರಿನ ಹೊಟ್ಟೆಯಲ್ಲಿರುವುದು ಮರದ ತಿರುಳಿನ ನಾರು ಮತ್ತು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು. ಈ ಹರಳು ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹಿಡಿದು ಜೆಲ್ ಆಗುತ್ತದೆ. ಹೀರುವ ಸಾಮರ್ಥ್ಯವನ್ನು ಅಳೆಯಲು ಐಎಸ್‌ಒ 11948-1 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ಅದರಲ್ಲಿ ಡೈಪರನ್ನು ಪೂರ್ತಿ ದ್ರವದಲ್ಲಿ ಮುಳುಗಿಸಿ, ಎತ್ತಿ, ಸೋರಲು ಬಿಟ್ಟು ತೂಗುತ್ತಾರೆ. ಅದನ್ನು ತೊಟ್ಟು ಮೆಟ್ಟಿಲು ಹತ್ತಿದವರು ಅಲ್ಲಿ ಯಾರೂ ಇಲ್ಲ. ನೀವು ಕುಳಿತಾಗ ತೂಕ ಬಿದ್ದು ಒತ್ತುತ್ತದೆ, ನಡೆದಾಗ ತೊಡೆಗಳು ಹಿಂಡುತ್ತವೆ, ಬಗ್ಗಿದಾಗ ಮೂತ್ರ ಒಂದೇ ಮೂಲೆಗೆ ಓಡುತ್ತದೆ. ಪ್ರಯೋಗಾಲಯದ ಅಂಕಿಗಿಂತ ಬಹಳ ಮೊದಲೇ ಸೋರುವುದು ಇದಕ್ಕೇ. ಅಂಕಿಯನ್ನು ಒಂದು ಸರಕಿಗೂ ಇನ್ನೊಂದಕ್ಕೂ ಹೋಲಿಸಲು ಮಾತ್ರ ಬಳಸಿ.

ಹೀರುವ ವೇಗವೂ ಅಷ್ಟೇ ಮುಖ್ಯ. ಮನೆಯಲ್ಲಿ ಒಂದನ್ನು ಬಿಡಿಸಿ, ಒಂದು ಲೋಟ ಉಗುರುಬೆಚ್ಚನೆಯ ನೀರನ್ನು ಒಂದೇ ಜಾಗಕ್ಕೆ ಸುರಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಟಿಶ್ಯೂ ಕಾಗದ ಇಟ್ಟು ಅಂಗೈಯಿಂದ ಒತ್ತಿ. ಕಾಗದ ಒದ್ದೆಯಾದರೆ ನಿಮ್ಮ ಚರ್ಮವೂ ಒದ್ದೆಯಾಗಿಯೇ ಇರುತ್ತದೆ.

ಗಗನಯಾತ್ರಿಗಳು ನೌಕೆಯ ಹೊರಗೆ ಆರೇಳು ಗಂಟೆ ದುರಸ್ತಿ ಮಾಡುವಾಗ ಅವರ ಸ್ಪೇಸ್‌ಸೂಟಿನ ಒಳಗೆ ಇರುವುದೂ ಇಂಥದೇ ಹೀರುವ ಉಡುಪು. ಅದು ಅವರ ಕೆಲಸದ ಸಲಕರಣೆಗಳಲ್ಲೊಂದು. ನಿಮಗೂ ಹಾಗೆಯೇ ಇರಲಿ, ನಾಚಿಕೆ ಬೇಡ.

6. ತೊಡೆಯ ಅಂಚನ್ನು ಎಬ್ಬಿಸಿ

ಡೈಪರಿನ ಒಳಗೆ ಎರಡೂ ಬದಿಯಲ್ಲಿ ಇಲಾಸ್ಟಿಕ್ ಇರುವ ತೆಳು ಪಟ್ಟಿ ಎದ್ದು ನಿಲ್ಲಬೇಕು. ಓಡಾಡುವವರ ಸೋರಿಕೆಯನ್ನು ತಡೆಯುವ ಕಟ್ಟೆ ಅದು. ಪ್ಯಾಕೆಟ್ಟಿನಲ್ಲಿ ಒತ್ತಿ ಮಲಗಿರುತ್ತದೆ. ಹಾಕುವ ಮುನ್ನ ಉದ್ದಕ್ಕೆ ಮಡಚಿ ಎರಡು ಸಲ ಎಳೆದು ಸಡಿಲಿಸಿ, ಹಾಕಿದ ಮೇಲೆ ಬೆರಳಾಡಿಸಿ ಪಟ್ಟಿ ತೊಡೆಸಂದಿಗೆ ಸರಿಯಾಗಿ ಕೂತಿದೆಯೇ ನೋಡಿ. ಟೇಪ್ ಮಾದರಿಯಲ್ಲಿ ಕೆಳಗಿನ ಎರಡು ಟೇಪುಗಳನ್ನು ಮೊದಲು ತುಸು ಮೇಲ್ಮುಖವಾಗಿ ಅಂಟಿಸಿ, ಮೇಲಿನವನ್ನು ತುಸು ಕೆಳಮುಖವಾಗಿ. ಆಮೇಲೆ ಒಮ್ಮೆ ಕುಕ್ಕರುಗಾಲಲ್ಲಿ ಕೂತು ಏಳಿ. ಕದಲಿದರೆ ಬಿಚ್ಚಿ ಮತ್ತೆ ಹಾಕಿ.

7. ಗಂಡಸರು ಶಿಶ್ನವನ್ನು ಕೆಳಮುಖವಾಗಿ ಇಟ್ಟುಕೊಳ್ಳಬೇಕು

ಯಾರೂ ಬಾಯಿಬಿಟ್ಟು ಹೇಳದ ಮಾತು. ಹೊಟ್ಟೆಯ ಪಟ್ಟಿಯಿಂದ ಅಂಗಿ ಒದ್ದೆಯಾಗುವ ತೊಂದರೆ ಬಹುತೇಕ ಇಷ್ಟರಿಂದಲೇ ನಿಲ್ಲುತ್ತದೆ.

8. ಮೇಲೊಂದು ಬಿಗಿ ಒಳಚಡ್ಡಿ ಹಾಕಿ

ಒದ್ದೆಯಾದ ಡೈಪರ್ ತೂಕಕ್ಕೆ ಜೋತುಬೀಳುತ್ತದೆ, ಸೋರುವುದು ಆಗಲೇ. ಮೈಗಂಟುವ ಹತ್ತಿಯ ಚಡ್ಡಿಯೋ ಸೈಕ್ಲಿಂಗ್ ಶಾರ್ಟ್ಸೋ ಅದನ್ನು ಎತ್ತಿಹಿಡಿಯುತ್ತದೆ, ಸರಬರ ಸದ್ದನ್ನೂ ನುಂಗುತ್ತದೆ.

9. ಹೊರಪದರ ಮುಟ್ಟಿ ನೋಡಿ

ಪ್ಲಾಸ್ಟಿಕ್ ಹೊರಪದರ ವಾಸನೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸದ್ದು ಮಾಡುತ್ತದೆ, ಒಳಗೆ ಬೆವರು ಕಟ್ಟುತ್ತದೆ. ಬಟ್ಟೆಯಂಥ ಹೊರಪದರದಲ್ಲಿ ಗಾಳಿಯಾಡುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಲ್ಲಿ ಹೊರಗೆ ನಿಲ್ಲುವವರು ಎರಡನೆಯದನ್ನೇ ಆರಿಸಿ. ಸುವಾಸನೆ ಬೆರೆಸಿದ ಡೈಪರ್ ಬೇಡವೇ ಬೇಡ, ಅದು ಚರ್ಮಕ್ಕೆ ತುರಿಕೆ ತರಬಹುದು. ಆಗಷ್ಟೇ ಹೋದ ಮೂತ್ರಕ್ಕೆ ಹೆಚ್ಚು ವಾಸನೆ ಇರುವುದಿಲ್ಲ. ಹೊತ್ತು ಕಳೆದಂತೆ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಅಮೋನಿಯಾ ವಾಸನೆ ಏಳುತ್ತದೆ. ಹೊತ್ತಿಗೆ ಸರಿಯಾಗಿ ಬದಲಿಸುವುದೇ ಅದಕ್ಕೆ ಮದ್ದು.

10. ಬದಲಿಸುವ ಹೊತ್ತನ್ನು ಶಿಫ್ಟಿಗೆ ಕಟ್ಟಿಹಾಕಿ

ತುಂಬಿದ ಮೇಲೆ ಬದಲಿಸೋಣ ಎಂದು ಕಾಯಬೇಡಿ. ಕೆಲಸಕ್ಕೆ ಹೊರಡುವ ಮುನ್ನ ಹೊಸದು, ಊಟದ ಬಿಡುವಿನಲ್ಲಿ ಇನ್ನೊಂದು, ಮನೆಗೆ ಬಂದೊಡನೆ ತೆಗೆದು ತೊಳೆಯುವುದು. ಮಲ ತಾಗಿದರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಬದಲಿಸಬೇಕು. ಹೊರಗಿನ ಬಣ್ಣದ ಗೆರೆ ಬದಲಾಗುವ ಡೈಪರ್ ಇದ್ದರೆ ಒಳ್ಳೆಯದು, ಒಂದು ನೋಟಕ್ಕೆ ತಿಳಿಯುತ್ತದೆ. ಬ್ಯಾಗಿನಲ್ಲಿ ಎರಡು ಡೈಪರ್, ಒದ್ದೆ ಒರೆಸು ಕಾಗದ, ಹಳೆಯ ಪತ್ರಿಕೆ, ದಪ್ಪ ಕಪ್ಪು ಕವರ್, ಬದಲಿ ಪ್ಯಾಂಟು ಸದಾ ಇರಲಿ. ಡೈಪರಿನ ಒಳಗೆ ಇಡುವ ಬೂಸ್ಟರ್ ಪ್ಯಾಡ್ ಸಿಕ್ಕರೆ ಉದ್ದದ ಡ್ಯೂಟಿಗೆ ಬಹಳ ಅನುಕೂಲ. ಅದಕ್ಕೆ ಕೆಳಗೆ ಪ್ಲಾಸ್ಟಿಕ್ ಇಲ್ಲ, ತುಂಬಿದ ಮೇಲೆ ಮಿಕ್ಕದ್ದು ಡೈಪರಿಗೆ ಇಳಿಯುತ್ತದೆ. ಅದರ ಬದಲು ಸಾಮಾನ್ಯ ಪ್ಯಾಡ್ ಇಟ್ಟರೆ ಅದರ ಕೆಳಗಿನ ಪ್ಲಾಸ್ಟಿಕ್ ಮೂತ್ರವನ್ನು ತಡೆದು ಪಕ್ಕಕ್ಕೆ ನೂಕುತ್ತದೆ.

11. ಚರ್ಮಕ್ಕೆ ಕಡಿಮೆ ಹಚ್ಚಿ, ಹೆಚ್ಚು ಒಣಗಿಸಿ

ಸಾಬೂನು ಹಾಕಿ ತಿಕ್ಕಬೇಡಿ. ನೀರಿನಿಂದ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ತೆಳುವಾಗಿ ಸವರಿ. ಪೌಡರ್ ಬೆವರಿಗೆ ಗಂಟುಗಟ್ಟಿ ಉಜ್ಜುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ದಪ್ಪವಾಗಿ ಬಳಿದರೆ ಡೈಪರಿನ ಮೇಲ್ಪದರ ಮುಚ್ಚಿಹೋಗಿ ಹೀರುವುದೇ ಕಡಿಮೆಯಾಗುತ್ತದೆ. ಮನೆಯಲ್ಲಿರುವಾಗ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಇರಿ.

12. ನೀರು ಕುಡಿಯುವುದನ್ನು ಬಿಡಬೇಡಿ

ಬೆಳಗಿನಿಂದ ಒಂದು ಗುಟುಕೂ ನೀರಿಲ್ಲದೆ ಡ್ಯೂಟಿ ಮುಗಿಸುವವರಿದ್ದಾರೆ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶವನ್ನು ಕೆರಳಿಸಿ ಅವಸರವನ್ನು ಹೆಚ್ಚಿಸುತ್ತದೆ. ಮಲಬದ್ಧತೆಯೂ ಸೇರಿ ಸೋರಿಕೆ ಬಿಗಡಾಯಿಸುತ್ತದೆ. ನೀರನ್ನು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಕುಡಿಯಿರಿ. ಬಿಡುವುದಾದರೆ ಮೂರನೆಯ ಸಲದ ಕಾಫಿ, ಟೀ ಬಿಡಿ.

13. ಚಿಕ್ಕ ಪ್ಯಾಕೆಟ್ ಕೊಳ್ಳಿ, ರಜೆಯ ದಿನ ಪರೀಕ್ಷಿಸಿ

ರಿಯಾಯಿತಿ ಇದೆಯೆಂದು ಪೆಟ್ಟಿಗೆಗಟ್ಟಲೆ ತರಿಸಬೇಡಿ. ಎರಡು ಮೂರು ಕಂಪನಿಗಳ ಚಿಕ್ಕ ಪ್ಯಾಕೆಟ್ ತಂದು, ರಜೆಯ ದಿನ ಡ್ಯೂಟಿ ಬಟ್ಟೆಯನ್ನೇ ತೊಟ್ಟು ಮನೆಕೆಲಸ ಮಾಡಿ: ಕಸ ಗುಡಿಸಿ, ಬಕೆಟ್ ಎತ್ತಿ, ಮಹಡಿ ಹತ್ತಿ ಇಳಿಯಿರಿ. ಖರ್ಚಿನ ಲೆಕ್ಕವನ್ನೂ ಆಗಲೇ ಹಾಕಿ. ಒಂದಕ್ಕೆ 40 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ ಎರಡರಂತೆ 26 ದಿನಕ್ಕೆ 2080 ರೂಪಾಯಿ. ಬಡ ಸಂಬಳಕ್ಕೆ ಇದು ಭಾರವೇ. ಸೋರಿಕೆ ಕಡಿಮೆಯಿರುವ ದಿನ ಪ್ಯಾಡ್, ಮನೆಯಲ್ಲಿ ಒಗೆದು ಬಳಸುವ ಬಟ್ಟೆಯ ಡೈಪರ್, ಡ್ಯೂಟಿಗೆ ಮಾತ್ರ ಒಳ್ಳೆಯದು ಎಂದು ಹಂಚಿಕೊಂಡರೆ ಹೊರೆ ಇಳಿಯುತ್ತದೆ. ಆದರೆ ಉಳಿತಾಯಕ್ಕೆಂದು ಒಂದನ್ನೇ ಇಡೀ ದಿನ ಹಾಕಬೇಡಿ, ಹುಣ್ಣಾದರೆ ಅದರ ಮದ್ದಿಗೇ ಹೆಚ್ಚು ಸುರಿಯಬೇಕಾಗುತ್ತದೆ.

14. ಸುತ್ತಿ, ಗುರುತು ಹಾಕಿ ಕೊಡಿ

ಕಮೋಡಿಗೆ ಹಾಕಿದರೆ ಪೈಪು ಕಟ್ಟುತ್ತದೆ. ಬಿಗಿಯಾಗಿ ಸುರುಳಿ ಸುತ್ತಿ, ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸದಿಂದ ಬೇರೆಯಾಗಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಡಿಸುವ ಪಾಡು ಇನ್ನೊಬ್ಬ ದುಡಿಯುವವರಿಗೆ ಬರಬಾರದು.

15. ಡೈಪರ್ ಇದೆಯೆಂದು ಶೌಚಾಲಯದ ಹಕ್ಕು ಬಿಡಬೇಡಿ

ಅಮೆರಿಕದ ಕೋಳಿಮಾಂಸ ಕಾರ್ಖಾನೆಗಳಲ್ಲಿ ಬಿಡುವು ಕೊಡದ್ದರಿಂದ ಆರೋಗ್ಯವಂತ ಕೆಲಸಗಾರರೇ ಡೈಪರ್ ಹಾಕಿ ನಿಲ್ಲುತ್ತಿದ್ದರು ಎಂದು ಆಕ್ಸ್‌ಫ್ಯಾಮ್ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಅದು ಅನ್ಯಾಯ, ಎಲ್ಲಿ ನಡೆದರೂ ಅನ್ಯಾಯವೇ. ಕೆಲಸದ ಹೊತ್ತಿನಲ್ಲೆಲ್ಲ ಕೆಲಸಗಾರರಿಗೆ ಎಟುಕುವಂತೆ ಸಾಕಷ್ಟು ಶೌಚಾಲಯ ಇರಬೇಕೆಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲೇ ಬರೆದಿದ್ದರು. ಸೂಪರ್‌ವೈಸರ್ ಬಳಿ ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ. "ಆರೋಗ್ಯದ ತೊಂದರೆ ಇದೆ, ಎರಡು ಗಂಟೆಗೊಮ್ಮೆ ಐದು ನಿಮಿಷ ಬೇಕು ಸರ್" ಎಂದರೆ ಸಾಕು. ವೈದ್ಯರ ಚೀಟಿ ಕೈಯಲ್ಲಿದ್ದರೆ ಮಾತಿಗೆ ಬಲ.

16. ವೈದ್ಯರಿಗೆ ತೋರಿಸದೆ ಡೈಪರಿಗೆ ಒಗ್ಗಿಕೊಳ್ಳಬೇಡಿ

ಮೂತ್ರ ಸೋರುವುದು ವಯಸ್ಸಿನ ಶಾಪವಲ್ಲ, ಹೆರಿಗೆಯ ಸುಂಕವೂ ಅಲ್ಲ. ಅನೇಕರಲ್ಲಿ ವಾಸಿಯಾಗುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಮೂತ್ರವನ್ನು ತಡೆಯುವಾಗ ಬಿಗಿಯಾಗುವ ಸ್ನಾಯುಗಳಿಗೆ ಕೊಡುವ ವ್ಯಾಯಾಮವನ್ನು ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕನ್ ವೈದ್ಯರು 1948ರಲ್ಲಿ ಪ್ರಕಟಿಸಿದರು. ಇಂದಿಗೂ ಮೊದಲು ಹೇಳಿಕೊಡುವುದು ಅದನ್ನೇ. ಫಿಸಿಯೋಥೆರಪಿಸ್ಟ್ ಬಳಿ ಸರಿಯಾಗಿ ಕಲಿತು ಬಿಡದೆ ಮೂರು ತಿಂಗಳು ಮಾಡಿದರೆ ಫಲ ತಿಳಿಯುತ್ತದೆ. ಅವಸರದ ಮೂತ್ರಕ್ಕೆ ಮಾತ್ರೆಗಳಿವೆ, ಕೆಲವಕ್ಕೆ ಶಸ್ತ್ರಚಿಕಿತ್ಸೆಯಿದೆ. ಮೂತ್ರದಲ್ಲಿ ರಕ್ತ, ಉರಿಯ ಜೊತೆ ಜ್ವರ, ಪೂರ್ತಿ ಹೋಗದೆ ಸದಾ ತೊಟ್ಟಿಕ್ಕುವುದು ಕಂಡರೆ ತಡಮಾಡದೆ ತೋರಿಸಿ. ಬೆನ್ನುನೋವಿನ ಜೊತೆ ತೊಡೆಸಂದು, ಕಾಲು ಜೋಮು ಹಿಡಿದು ಹಠಾತ್ತನೆ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಮೂರು ದಿನದ ಚೀಟಿಯನ್ನು ಮರೆಯದೆ ಕೊಂಡೊಯ್ಯಿರಿ.